ಜಗ್ಗಕ್ಕನಿಗೆ ಒಪ್ಪಿದ ಗಾಡಿ

ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಸರೋವರದ ದಡದಲ್ಲಿ ಮಾಸಲು ಹಸಿರು ಬಣ್ಣದ ಪಿಕಪ್ ಗಾಡಿಯೊಂದು ನಿಂತಿದೆ. ಅದರ ಬೆನ್ನಿಗೆ ಎರಡು ಚಕ್ರದ ಟ್ರೇಲರ್, ಟ್ರೇಲರಿನ ಮೇಲೆ ಮೀನುಗಾರನೊಬ್ಬನ ದೋಣಿ. ಗಾಡಿಯನ್ನೂ ಟ್ರೇಲರನ್ನೂ ಬೆಸೆಯುವ ಕೊಕ್ಕೆಯ ಬಳಿ ಮೊಣಕಾಲೂರಿ ಕೂತ ಹೆಂಗಸು ಸರಪಳಿಯನ್ನು ಒಮ್ಮೆ ಜಗ್ಗುತ್ತಾರೆ, ಇನ್ನೊಮ್ಮೆ ಜಗ್ಗುತ್ತಾರೆ. ಕೊನೆಗೆ ಎದ್ದು ನಿಂತು ಕೊಕ್ಕೆಗೆ ಬೂಟುಗಾಲಿನಿಂದ ಒಂದು ಒದೆ ಕೊಡುತ್ತಾರೆ.

"ಕೈ ಹೇಳಿದ್ದನ್ನ ಕಾಲೂ ಒಪ್ಕೋಬೇಕು. ಆಮೇಲೇ ನಾನು ನಂಬೋದು," ಎಂದು ನಗುತ್ತಾ ಸ್ಟಿಯರಿಂಗಿನ ಹಿಂದೆ ಏರಿ ಕೂರುತ್ತಾರೆ. ಪಿಕಪ್ ನಿಧಾನವಾಗಿ ಹಿಮ್ಮುಖವಾಗಿ ಇಳಿಜಾರಿನಲ್ಲಿ ಇಳಿಯುತ್ತದೆ. ಟ್ರೇಲರಿನ ಚಕ್ರ ನೀರಿಗೆ ಮುಳುಗುತ್ತಿದ್ದಂತೆ ದೋಣಿ ತಾನಾಗಿ ಎದ್ದು ತೇಲುತ್ತದೆ. ಮೀನುಗಾರ ಹತ್ತಿ ಕೂತು ಕೈ ಬೀಸಿ ಹೊರಟೇಬಿಡುತ್ತಾನೆ.

ಊರಿಗೆಲ್ಲ ಇವರು ಜಗ್ಗಕ್ಕ. ದೋಣಿ ಜಗ್ಗುವ ಅಕ್ಕ ಎಂದು ಯಾರೋ ಕರೆದದ್ದು ಹಾಗೇ ಅಂಟಿಕೊಂಡಿದೆ. ಮನೆಗೆ ಬರುವ ಪಾರ್ಸೆಲ್ಲಿನ ಮೇಲೂ ಈಗ ಅದೇ ಹೆಸರು. ಮೀನುಗಾರರ ದೋಣಿ, ಆಚೆ ದಡಕ್ಕೆ ಜನರನ್ನು ದಾಟಿಸುವ ದೋಣಿ, ರಜಾದಿನಗಳಲ್ಲಿ ವಿಹಾರಕ್ಕೆ ಬರುವವರ ಬಣ್ಣಬಣ್ಣದ ದೋಣಿ, ಎಲ್ಲವೂ ನೀರಿಗಿಳಿಯುವುದು, ನೀರಿನಿಂದ ಮೇಲೇರುವುದು, ರಿಪೇರಿಗೆ ಹೋಗುವುದು ಇವರ ಗಾಡಿಯ ಬೆನ್ನು ಹಿಡಿದೇ. ಒಳ್ಳೆಯ ದಿನಗಳಲ್ಲಿ ಹತ್ತು ಹನ್ನೆರಡು ದೋಣಿ. ಗಾಳಿ ಎದ್ದ ದಿನ ಒಂದೂ ಇಲ್ಲ.

ಈ ಕೆಲಸ ಶುರುಮಾಡಿದವರು ಅವರ ಮಾವ. ಅವರದೊಂದು ಹಳೆಯ ಜೀಪಿತ್ತು. ಬೆನ್ನುನೋವು ಕಾಡತೊಡಗಿದಾಗ ಕೀಲಿಕೈ ಯಾರಿಗೆ ಎಂಬ ಪ್ರಶ್ನೆ ಬಂತು. ಹಿರಿಯ ಮಗ, ಅಂದರೆ ಜಗ್ಗಕ್ಕನ ಗಂಡ, ದೋಣಿ ರಿಪೇರಿಯ ಬಡಗಿ. ಒಡೆದ ಹಲಗೆಯನ್ನು ಮಗುವಿನಂತೆ ಸಂಭಾಳಿಸುವ ಅವರಿಗೆ ಸ್ಟಿಯರಿಂಗ್ ಮಾತ್ರ ಒಗ್ಗದು. ಕಿರಿಯ ಮಗನದು ಮೊಬೈಲ್ ಅಂಗಡಿ. ಮಾವ ಕೀಲಿಕೈಯನ್ನು ಸೊಸೆಯ ಮುಂದೆ ಇಟ್ಟರು. "ನನಗೆ ಆಗ ಸೈಕಲ್ ಬಿಟ್ರೆ ಬೇರೇನೂ ಬರ್ತಿರ್ಲಿಲ್ಲ. ಮೊದಲ ವಾರ ಚಹಾ ಅಂಗಡಿಯ ಬೆಂಚನ್ನ ಎರಡು ಸಲ ಮುರಿದೆ. ನಮ್ಮವರೇ ಎರಡು ಸಲ ರಿಪೇರಿ ಮಾಡಿಕೊಟ್ರು," ಎನ್ನುತ್ತಾರೆ ಜಗ್ಗಕ್ಕ.

ಮಾವ ತೀರಿಕೊಂಡ ಮೇಲೂ ಜೀಪು ದುಡಿಯಿತು. ಹೋದ ಮಳೆಗಾಲದ ಕೊನೆಗೆ ಮಾತ್ರ ಕೈಕೊಟ್ಟಿತು. ಜನ ಸಾಗಿಸುವ ಭಾರಿ ದೋಣಿಯೊಂದನ್ನು ಮೇಲಕ್ಕೆಳೆಯುವಾಗ, ಪಾಚಿಗಟ್ಟಿದ ಇಳಿಜಾರಿನ ನಟ್ಟನಡುವೆ ಎಂಜಿನ್ ನಿಂತುಹೋಯಿತು. ಬ್ರೇಕ್ ಹಿಡಿಯಲಿಲ್ಲ. ದೋಣಿಯ ಭಾರಕ್ಕೆ ಜೀಪು ಹಿಂದಕ್ಕೆ ಜಾರಿತು, ಜಾರಿದ್ದು ನಿಲ್ಲಲೇ ಇಲ್ಲ. ಜಗ್ಗಕ್ಕ ಕಿಟಕಿಯಿಂದ ನುಸುಳಿ ಈಜಿ ದಡ ಸೇರಿದರು. "ದೋಣಿ ತೇಲಿತು, ಜೀಪು ಮುಳುಗಿತು. ಎರಡೂ ತಂತಮ್ಮ ಸ್ವಭಾವಕ್ಕೆ ತಕ್ಕಹಾಗೇ ನಡ್ಕೊಂಡ್ವು," ಎಂದು ಈಗ ತಮಾಷೆ ಮಾಡುತ್ತಾರೆ. ಆಗ ತಮಾಷೆ ಇರಲಿಲ್ಲ. ಸಂತೆಗೆ ಹೋಗಲೂ ದಡದ ದಾರಿ ಬಿಟ್ಟು ಸುತ್ತುಬಳಸಿ ಹೋಗುತ್ತಿದ್ದರು.

ಅಷ್ಟರಲ್ಲಿ ಮೀನುಗಾರರ ಪಾಡು ಹೇಳತೀರದಾಯಿತು. ಹಗ್ಗ ಕಟ್ಟಿ, ಹತ್ತಾರು ಜನ ಸೇರಿ ದೋಣಿ ಎಳೆಯಬೇಕು. ಒಂದು ಸಂಜೆ ಅವರಲ್ಲಿ ಹಿರಿಯವರೊಬ್ಬರು ಸೊಂಟಕ್ಕೆ ಕೈಕೊಟ್ಟುಕೊಂಡು ಮನೆ ಬಾಗಿಲಿಗೆ ಬಂದರು. "ತಂಗೀ, ನಿನ್ನ ಧೈರ್ಯ ವಾಪಸ್ ಬರೋವರೆಗೆ ಕಾಯ್ತೀವಿ. ಆದ್ರೆ ನನ್ನ ಸೊಂಟ ಕಾಯಲ್ಲ ಅಂತಿದೆ," ಎಂದರು. ಆ ರಾತ್ರಿ ಊಟಕ್ಕೆ ಕೂತಾಗ ಜಗ್ಗಕ್ಕ ಹೇಳಿದ್ದು ಒಂದೇ ಮಾತು: "ಗಾಡಿ ನೋಡೋಣ."

ಗಾಡಿ ಎಂದದ್ದೇ ತಡ, ಊರಿಗೆಲ್ಲ ಬಾಯಿ ಬಂತು. ಮೈದುನ ಗೆಳೆಯನೊಬ್ಬನ ಹೊಳೆಯುವ ಹೊಸ ಕಾರು ತಂದು ನಿಲ್ಲಿಸಿದ. "ಅತ್ತಿಗೆ, ಇದರ ಸ್ಪೀಡ್ ನೋಡಿ, ಗಾಳಿ ಇದ್ದಹಾಗೆ," ಎಂದ. ಜಗ್ಗಕ್ಕ ನೀರಿನ ಹತ್ತಿರಕ್ಕೂ ಹೋಗಲಿಲ್ಲ. ರಿಪೇರಿ ಶೆಡ್ಡಿನ ಮುಂದಿನ ಸಣ್ಣ ಏರಿನಲ್ಲಿ ದೋಣಿ ಕಟ್ಟಿ ಎಳೆದು ನೋಡಿದರು. ಹಿಂಬದಿ ಭಾರಕ್ಕೆ ಕುಸಿಯಿತು, ಮೂತಿ ಮೇಲೆದ್ದಿತು, ಬಲವೆಲ್ಲ ಇದ್ದ ಮುಂದಿನ ಚಕ್ರಗಳು ಮಣ್ಣು ಕೆದರುತ್ತಾ ಇದ್ದಲ್ಲೇ ತಿರುಗಿದವು. ಮೈದುನನೇ ನಕ್ಕುಬಿಟ್ಟ. "ಗಾಳಿ ಅಂದೆನಲ್ಲ ಅತ್ತಿಗೆ, ಗಾಳಿ ದೋಣಿ ಎಳೆಯೋದು ನೀರಲ್ಲಿ ಮಾತ್ರ."

ಇನ್ನೊಬ್ಬರು ಲಾರಿ ತೋರಿಸಿದರು. ಅದು ಮನೆಯನ್ನೇ ಬೇಕಾದರೂ ಎಳೆದೀತು. ಆದರೆ ದಡಕ್ಕಿಳಿಯುವ ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡು, ಹಿಂದಕ್ಕೂ ಬರಲಾರದೆ ಮುಂದಕ್ಕೂ ಹೋಗಲಾರದೆ ಮಧ್ಯಾಹ್ನದವರೆಗೆ ಓಣಿಯ ಜನರಿಗೆಲ್ಲ ನೋಡಲು ಕೆಲಸ ಕೊಟ್ಟಿತು.

ಕೊನೆಗೆ ಸಿಕ್ಕಿದ್ದು ಈ ಹಸಿರು ಪಿಕಪ್. ಅದರ ಯಜಮಾನರು ಗುಡ್ಡದ ಮೇಲಿನ ಕಟ್ಟಡಗಳಿಗೆ ಇಟ್ಟಿಗೆ ಸಾಗಿಸುತ್ತಿದ್ದವರು. ನಾಲ್ಕು ಚಕ್ರಕ್ಕೂ ಬಲ, ಏರುದಾರಿಗೆಂದೇ ಒಂದು ನಿಧಾನದ ಗೇರು, ಗಾಡಿಯೇ ಒಂದು ಬಂಡೆಯಷ್ಟು ಭಾರ. ಮೆಕ್ಯಾನಿಕ್ ಅಡಿಯಲ್ಲಿ ಮಲಗಿ ಗಾಡಿಯ ತಳದ ಚೌಕಟ್ಟು ತಟ್ಟಿ ನೋಡಿ ತುಕ್ಕಿಲ್ಲ ಎಂದ. ಎಷ್ಟು ಎಳೆಯುತ್ತದೆ ಎಂದು ಜಗ್ಗಕ್ಕ ಕೇಳಲಿಲ್ಲ. "ಏರಿನಲ್ಲಿ ಇಟ್ಟಿಗೆ ತುಂಬ್ಕೊಂಡು ನಿಲ್ಸಿದ್ದೀರಾ?" ಎಂದು ಕೇಳಿದರು.

"ನಿಲ್ಸೋದೇನು, ನಿಲ್ಸಿ ಊಟ ಮಾಡಿದ್ದೀನಿ," ಎಂದರು ಯಜಮಾನರು.

"ಎಳೆಯೋಕೆ ಎಲ್ಲಾ ಗಾಡೀನೂ ಸ್ವಲ್ಪ ಎಳೆಯುತ್ತೆ. ಹಿಂದೆ ಭಾರ ಇಟ್ಕೊಂಡು ನಿಲ್ಲುತ್ತಲ್ಲ, ಅದು ನನಗೆ ಬೇಕಿದ್ದ ಗಾಡಿ. ಜೀಪು ಕಲಿಸಿದ ಪಾಠ ಅದು," ಎನ್ನುತ್ತಾರೆ ಜಗ್ಗಕ್ಕ.

ಇನ್ನುಳಿದದ್ದು ನೀರಿನ ಇಳಿಜಾರಿನಲ್ಲೇ ಪರೀಕ್ಷೆ. ಅವತ್ತು ಬೆಳಿಗ್ಗೆ ದಡದಲ್ಲಿ ಅರ್ಧ ಊರು ನೆರೆದಿತ್ತು. ಎಳೆಯಬೇಕಿದ್ದುದು ಅದೇ ಭಾರಿ ದೋಣಿ. ಜಗ್ಗಕ್ಕ ಸ್ಟಿಯರಿಂಗ್ ಹಿಡಿದು ಕೂತರು, ಕೀಲಿ ತಿರುಗಿಸಲು ಕೈ ಏಳಲಿಲ್ಲ. ಆಗ ಪಕ್ಕದ ಬಾಗಿಲು ತೆರೆಯಿತು. ಎಪ್ಪತ್ತು ದಾಟಿದ ಅತ್ತೆ ಸೆರಗು ಸಿಕ್ಕಿಸಿಕೊಂಡು ಮೇಲೇರಿ ಕೂತರು.

"ಅತ್ತೆ, ಇಳೀರಿ. ನಿಮಗೆ ಈಜು ಬರಲ್ಲ."

"ಬರಲ್ಲ. ಅದಕ್ಕೇ ಕೂತಿದ್ದು. ನಾನಿದ್ರೆ ನೀನು ಜೋಪಾನವಾಗಿ ಓಡಿಸ್ತೀಯ."

ದಡದಿಂದ ಗಂಡ ಕೂಗಿದರು, ಮೈದುನ ಕೂಗಿದ. ಅತ್ತೆ ಕಿಟಕಿಯ ಗಾಜು ಏರಿಸಿಕೊಂಡರು, ಆಮೇಲೆ ಏನೋ ನೆನಪಾದವರಂತೆ ಮತ್ತೆ ಪೂರ್ತಿ ಇಳಿಸಿದರು. ಜಗ್ಗಕ್ಕನಿಗೆ ಅಷ್ಟು ಹೆದರಿಕೆಯ ನಡುವೆಯೂ ನಗು ಬಂತು. ಆ ನಗುವಿನಲ್ಲೇ ಕೀಲಿ ತಿರುಗಿತು.

ದೋಣಿ ಟ್ರೇಲರಿಗೇರಿತು. ಪಿಕಪ್ ನೀರು ಸುರಿಸುತ್ತಾ ಮೇಲೇರತೊಡಗಿತು. ನಟ್ಟನಡುವೆ, ಜೀಪು ಜಾರಿದ್ದ ಪಾಚಿಯ ಮೇಲೆಯೇ, ಜಗ್ಗಕ್ಕ ಬೇಕೆಂದೇ ಗಾಡಿ ನಿಲ್ಲಿಸಿದರು. ಎಂಜಿನ್ ಆರಿಸಿದರು. ಹ್ಯಾಂಡ್‌ಬ್ರೇಕ್ ಎಳೆದು ಪೆಡಲಿನಿಂದ ಕಾಲು ತೆಗೆದರು. ಗಾಡಿ ಒಮ್ಮೆ ಕಿರುಗುಟ್ಟಿ ಚೂರು ಕುಗ್ಗಿತು, ಆಮೇಲೆ ಬೇರುಬಿಟ್ಟ ಮರದಂತೆ ನಿಂತಿತು. ಅತ್ತೆ ಅತ್ತಿತ್ತ ನೋಡಿದರು, ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿದರು. "ಬಣ್ಣ ಒಂಚೂರೂ ಚೆನ್ನಾಗಿಲ್ಲ," ಎಂದರು. "ಇದನ್ನೇ ತಗೋ." ಜಗ್ಗಕ್ಕ ಮತ್ತೆ ಎಂಜಿನ್ ಹಚ್ಚಿ ದೋಣಿಯನ್ನು ಮೇಲಕ್ಕೆ ಮುಟ್ಟಿಸಿದರು. ಕೆಳಗಿಳಿದ ಮೇಲೆ ಅತ್ತೆಯ ಕೈ ಹಿಡಿದು ತುಂಬಾ ಹೊತ್ತು ಬಿಡಲಿಲ್ಲವಂತೆ. "ಬೆವರು ಒರೆಸ್ಕೊತಾ ಇದ್ಳು," ಎಂದು ಅತ್ತೆ ಮಾತು ಹಾರಿಸುತ್ತಾರೆ.

ಈಗ ಯಾರೇ ದೋಣಿಗೆಂದು ಗಾಡಿ ಕೊಳ್ಳುವುದಿದ್ದರೂ ಮೊದಲು ಬರುವುದು ಇವರ ಅಂಗಳಕ್ಕೆ. ಜಗ್ಗಕ್ಕ ಉಪದೇಶಕ್ಕಿಳಿಯುವುದಿಲ್ಲ. "ದೋಣಿ ತನ್ನಿ, ಕಟ್ಟಿ ನೋಡೋಣ," ಎನ್ನುತ್ತಾರೆ, ಅಷ್ಟೇ.

ಇವತ್ತು ಕೊನೆಯ ದೋಣಿ ಶೆಡ್ ಸೇರಿದ ಮೇಲೆ ಪಕ್ಕದ ಮೈದಾನದಲ್ಲಿ ಇನ್ನೊಂದು ಕೆಲಸ ನಡೆಯುತ್ತಿದೆ. ಸ್ಟಿಯರಿಂಗ್ ಹಿಡಿದು ಕೂತಿರುವವರು ಅತ್ತೆ. ಖಾಲಿ ಟ್ರೇಲರನ್ನು ಹಿಮ್ಮುಖವಾಗಿ ಓಡಿಸುವ ಅಭ್ಯಾಸ. ಇದರಲ್ಲಿ ಎಲ್ಲವೂ ತಿರುಗಾಮುರುಗಾ. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಕಷ್ಟವಲ್ಲವೇ ಎಂದರೆ ಅತ್ತೆ ತಲೆಯಾಡಿಸುತ್ತಾರೆ: "ಇಷ್ಟು ವರ್ಷ ಸೊಸೆ ಜೊತೆ ಸಂಸಾರ ಮಾಡಿದ್ದೀನಿ. ಎಡ ಅಂದ್ರೆ ಬಲಕ್ಕೆ ಹೋಗೋರನ್ನ ಸಂಭಾಳಿಸೋದು ನನಗೆ ಹೊಸದಾ?"

ಜಗ್ಗಕ್ಕ ಗಾಡಿಯ ಪಕ್ಕದಲ್ಲಿ ನಡೆಯುತ್ತಾ ಹೊಟ್ಟೆ ಹಿಡಿದು ನಗುತ್ತಾರೆ. ಮುಂದಿನ ಆಸೆ ಏನೆಂದು ಕೇಳಿದರೆ ಕಣ್ಣು ಟ್ರೇಲರಿನ ಮೇಲೇ ಇಟ್ಟುಕೊಂಡು ಉತ್ತರಿಸುತ್ತಾರೆ.

"ದೊಡ್ಡದೇನಿಲ್ಲ. ಒಂದು ದಿನ ಒಂದು ದೋಣೀನಾದ್ರೂ ಅತ್ತೆ ಕೈಯಿಂದ ನೀರಿಗಿಳೀಬೇಕು. ನಾನು ಪಕ್ಕದ ಸೀಟಲ್ಲಿ ಆರಾಮಾಗಿ ಕೂತು, ಸರಿಯಾಗಿ ಓಡಿಸ್ತಾ ಇಲ್ಲ ಅಂತ ತಪ್ಪು ಹುಡುಕ್ತಾ ಇರ್ಬೇಕು."