ಒದ್ದೆ ಪಂಚೆಯ ರಾಯರು

ಮಹಡಿ ರಾಯರು ಮೆಟ್ಟಿಲಿಳಿದು ಹೋದರೆ ಹಿಂದೆ ನೀರಿನ ಗುರುತು ಉಳಿಯುತ್ತಿತ್ತು. ಸರಿಯಾಗಿ ಹಿಂಡದೆ ಉಟ್ಟ ಪಂಚೆ, ಅದರ ಅಂಚಿನಿಂದ ಸಣಕಲು ಮೀನಖಂಡಗಳ ಮೇಲೆ ಇಳಿಯುವ ನೀರು, ಎದೆಯ ಮೇಲೆ ಇನ್ನೂ ಹಸಿಯಾಗಿಯೇ ಇರುವ ಗೋಪಿಚಂದನದ ಮುದ್ರೆ. ಗೇಟಿನ ಪಕ್ಕದ ಕುಂಡದಿಂದ ತುಳಸಿ ಕೊಯ್ಯಲು ಪ್ರತಿ ಬೆಳಿಗ್ಗೆ ಹೀಗೆ ಇಳಿದು ಬರುವರು. ತಾರಸಿಯ ತಂತಿಯಲ್ಲಿ ಎಲ್ಲ ಮನೆಯವರ ಬಟ್ಟೆಯೂ ಒಣಗುತ್ತಿತ್ತಾದ್ದರಿಂದ ಅಲ್ಲಿ ಒಣಗಿದ್ದು ಮಡಿಗೆ ಬಾರದು. ಒದ್ದೆಯದನ್ನೇ ಉಟ್ಟು ಮೈಮೇಲೆ ಒಣಗಿಸಿಕೊಳ್ಳಬೇಕು. ಅವರ ಹಿಂದೆಯೇ ನನ್ನ ಅಮ್ಮ ಬಟ್ಟೆ ಹಿಡಿದು ಮೆಟ್ಟಿಲು ಒರೆಸುತ್ತ ಬರುವಳು. "ಈ ಸ್ವಾಮಿಯೋರ ಮೈ ಒಣಗಿದ್ದು ನಾ ನೋಡೇ ಇಲ್ಲ" ಅನ್ನುವಳು.

ಮದರಾಸಿನ ಅಡ್ಯಾರಿನ ಆ ಕಟ್ಟಡಕ್ಕೆ ನನ್ನ ಅಪ್ಪ ವಾಚ್‌ಮನ್. ಹೊಸೂರಿನ ಕಡೆಯಿಂದ ಬಂದವರು ನಾವು. ಮೆಟ್ಟಿಲಿನ ಕೆಳಗಿನ ಕೋಣೆಯೇ ನಮ್ಮ ಮನೆ. ರಾಯರದು ತಲೆಮಾರುಗಳ ಹಿಂದೆ ಮದರಾಸಿಗೆ ಬಂದು ನೆಲೆಸಿದ ಮನೆತನ. ವಿಮಾ ಕಚೇರಿಯಲ್ಲಿ ಅಧಿಕಾರಿಯಾಗಿದ್ದರು. ಮನೆಯಲ್ಲಿ ಅವರು, ಅವರ ಹೆಂಡತಿ ಮಾಮಿ, ಇಬ್ಬರೇ. ಮಕ್ಕಳಿರಲಿಲ್ಲ. ನಾನು ಕನ್ನಡದಲ್ಲಿ ಅಮ್ಮನ ಹತ್ತಿರ ಜಗಳವಾಡುವುದು ಒಂದು ದಿನ ಅವರ ಕಿವಿಗೆ ಬಿತ್ತು. "ಏನೋ, ಕನ್ನಡ ಬರತ್ತಾ ನಿಂಗೆ? ಪುಸ್ತಕ ತಗೊಂಡ್ಬಾ, ಲೆಕ್ಕ ಎಷ್ಟು ಬರತ್ತೆ ನೋಡೋಣ" ಅಂದರು. ನನ್ನ ಓದು ಶುರುವಾದದ್ದು ಹೀಗೆ.

ಪಾಠ ನಡೆಯುತ್ತಿದ್ದದ್ದು ಮೆಟ್ಟಿಲಿನ ಮೇಲೆ. ಅವರು ಮೇಲಿನ ಮೆಟ್ಟಿಲಲ್ಲಿ, ನಾನು ಕೆಳಗಿನ ತಿರುವಿನಲ್ಲಿ. ಪುಸ್ತಕವನ್ನು ನಾನು ನಡುವೆ ಇಟ್ಟು ಹಿಂದೆ ಸರಿಯಬೇಕು, ಆಮೇಲೆ ಅವರು ಎತ್ತಿಕೊಳ್ಳುವರು. ರಬ್ಬರು ಕಂಡರೆ ಅವರಿಗೆ ಆಗದು. "ಅಳಿಸ್ಬೇಡ. ತಪ್ಪಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ಸರಿ ಬರಿ. ಮುಚ್ಚಿಟ್ಟ ತಪ್ಪು ಒಳಗೇ ಕೊಳೆಯತ್ತೆ" ಅನ್ನುವರು. ಇವತ್ತಿಗೂ ಬ್ಯಾಂಕಿನಲ್ಲಿ ನನ್ನ ಕೈಬರಹದ ಕಾಗದಗಳಲ್ಲಿ ಗೀಟುಗಳು ಹೆಚ್ಚು.

ಕಾಲೇಜಿಗೆ ಸೇರುವ ದಿನ ಅಪ್ಪನಿಗೆ ರಜೆ ಸಿಗಲಿಲ್ಲ. ರಾಯರು ಜರಿ ಪಂಚೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದರು. ಕಿಟಕಿಯ ಹಿಂದಿದ್ದ ಗುಮಾಸ್ತ ನನ್ನನ್ನೂ ಅವರನ್ನೂ ನೋಡಿ, ಇವನು ನಿಮಗೆ ಏನಾಗಬೇಕು ಅಂತ ತಮಿಳಿನಲ್ಲಿ ಕೇಳಿದ. "ನಮ್ಮ ಹುಡುಗ" ಅಂದರು. ಅಷ್ಟೇ. ಮನೆಗೆ ಬಂದವರು ನೇರ ಬಚ್ಚಲಿಗೆ ಹೋದರು. ಅದು ಬಸ್ಸಿನ ಮೈಲಿಗೆ ಅಂದಳು ಅಮ್ಮ. ನಾನೂ ಹಾಗೇ ಅಂದುಕೊಂಡೆ. ಬಿ.ಕಾಂ. ಪಾಸಾದ ದಿನ ಮೇಲಿನಿಂದ ನನ್ನ ಬೊಗಸೆಗೆ ಕಲ್ಲುಸಕ್ಕರೆ ಹಾಕಿದರು. ಕೈಗೆ ಕೈ ತಾಗಲಿಲ್ಲ. ನಮ್ಮ ವಂಶದಲ್ಲಿ ಪದವಿ ಕಂಡವನು ನಾನೇ ಮೊದಲು. ಆ ಕಲ್ಲುಸಕ್ಕರೆಯನ್ನು ಅಪ್ಪ ದಾರಿಹೋಕರಿಗೆಲ್ಲ ಹಂಚಿದ.

ನಾನು ಕೆಲಸಕ್ಕೆ ಸೇರಿ, ಹಿಂದಿನ ಬೀದಿಯಲ್ಲೇ ಮಹಡಿಯ ಮೇಲೊಂದು ಬಾಡಿಗೆ ಮನೆ ಹಿಡಿದು, ಅಪ್ಪ ಅಮ್ಮನನ್ನೂ ಅಲ್ಲಿಗೆ ಕರೆದುಕೊಂಡು ಎಷ್ಟೋ ಕಾಲವಾದ ಮೇಲೆ, ಒಂದು ಭಾನುವಾರ ಅವರಿಂದ ಫೋನ್ ಬಂತು. ಹೋದೆ. ಅದೇ ಮೆಟ್ಟಿಲು, ಅದೇ ತಿರುವು. ಬಹಳ ಹೊತ್ತು ಅವರು ಹವಾಮಾನದ ಮಾತಾಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. ಸಕ್ಕರೆ ಕಾಯಿಲೆ ಹಳೆಯದು. ಅದರಿಂದ ಮುಂದೊಗಲು ಮತ್ತೆ ಮತ್ತೆ ಹುಣ್ಣಾಗಿ, ಬಿಗಿದು, ಮೂತ್ರ ಹೋಗುವುದೇ ಕಷ್ಟವಾಗಿತ್ತು. ಕತ್ತರಿಸಿ ತೆಗೆಯಲೇಬೇಕು ಅಂದಿದ್ದರು ಡಾಕ್ಟರು.

"ಕಟ್ಟಡದಲ್ಲಿ ಯಾರಿಗೂ ಗೊತ್ತಾಗ್ಬಾರದು. ಯಾರಾದ್ರೂ ಕೇಳಿದ್ರೆ ಹರ್ನಿಯಾ ಅನ್ನು" ಅಂದರು. ಅವರ ಭಯ ನೋವಿನದಲ್ಲ. "ಅಂಗ ಊನವಾದವನು ಸಾಲಿಗ್ರಾಮ ಮುಟ್ಟಬಹುದೇನೋ? ಅದನ್ನ ಯಾರ ಹತ್ತಿರ ಕೇಳಲಿ?"

"ಜೀವ ಉಳಿಸ್ಕೊಳ್ಳೋಕೆ ಮಾಡಿಸ್ಕೊಂಡಿದ್ದು ಊನ ಹೇಗಾಗತ್ತೆ ಸಾರ್?"

"ನೀನು ಬಿ.ಕಾಂ. ಕಣೋ" ಅಂದರು. "ಇದು ಬೇರೆ ಸಬ್ಜೆಕ್ಟು."

ಆಪರೇಷನ್ನು ಸುಲಭವಾಗಿಯೇ ಮುಗಿದು ಅದೇ ದಿನ ಮನೆಗೆ ಕಳಿಸಿದರು. ಆಟೋದಲ್ಲಿ ಕಾಲು ಅಗಲಿಸಿ ಕೂತು, ಪ್ರತಿ ಹಳ್ಳಕ್ಕೂ ಹಲ್ಲು ಕಚ್ಚುತ್ತ, "ಒಂದು ಜನ್ಮಕ್ಕೆ ಎರಡು ಮುಂಜಿ ಆಯ್ತಲ್ಲೋ ನಂಗೆ" ಅಂದರು. ಇಬ್ಬರೂ ನಕ್ಕೆವು. ಆ ವಿಷಯಕ್ಕೆ ನಾವು ಮನಸಾರೆ ನಕ್ಕದ್ದು ಅದೇ ಕೊನೆ.

ಡಾಕ್ಟರು ನನ್ನ ಎದುರಿಗೇ ತಮಿಳಿನಲ್ಲಿ ಬಿಡಿಸಿ ಹೇಳಿದ್ದರು: ಸಕ್ಕರೆ ಇರುವ ಮೈ, ಗಾಯ ನಿಧಾನವಾಗಿ ಮಾಯುತ್ತದೆ. ನಾನು ಹೇಳುವ ತನಕ ಅಲ್ಲಿಗೆ ನೀರು ಸೋಕಬಾರದು, ಮೈ ಒರೆಸಿಕೊಂಡರೆ ಸಾಕು. ಸಡಿಲವಾದ ಒಣ ಬಟ್ಟೆ ಉಡಿ. ಮಾತ್ರೆ, ಊಟ ತಪ್ಪಿಸಬೇಡಿ. ಕೀವು, ನಾತ, ಜ್ವರ, ಕಪ್ಪು ಬಣ್ಣ ಕಂಡರೆ ಕಾಯಬೇಡಿ, ತಕ್ಷಣ ಬನ್ನಿ.

ಕಟ್ಟು ಬದಲಿಸುವವರು ಯಾರು? ರಾಯರಿಗೆ ಅಷ್ಟು ಬಗ್ಗಲಾಗದು, ಕಣ್ಣೂ ಮಂಜು. ಮಾಮಿಗೆ ಕೈನಡುಕ. ನರ್ಸನ್ನು ಕರೆಸೋಣವೆಂದರೆ ಸುದ್ದಿ ಹಬ್ಬುತ್ತದೆ ಎಂಬ ಹೆದರಿಕೆ. "ಬ್ಯಾಂಕಿಂದ ಬರ್ತಾ ನೀನೇ ಒಂಚೂರು ಬಂದುಹೋಗು" ಅಂದರು. ಹಾಗೆ, ಆ ಹೊಸಿಲನ್ನು ನಾನು ಮೊದಲ ಸಲ ದಾಟಿದೆ. ದೇವರ ಕೋಣೆಯ ಬಾಗಿಲನ್ನು ಮಾಮಿ ಮೊದಲೇ ಎಳೆದಿದ್ದರು.

ಗಾಜ್ ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಂತೆ ಸಲೈನ್ ಹನಿಸಿ, ನೆನೆಸಿ, ಎಳೆಯದೆ ಬಿಡಿಸಿದೆ. ಊದಿಕೊಂಡ ಮಾಂಸ, ಸುತ್ತ ಕಪ್ಪು ದಾರದ ಹೊಲಿಗೆ. ರಾಯರು ಕಿಟಕಿಯ ಸರಳು ಹಿಡಿದು ವಿಷ್ಣುವಿನ ನಾಮಗಳನ್ನು ಹೇಳಿಕೊಳ್ಳುತ್ತಿದ್ದರು.

"ಮುಖ ಆ ಕಡೆ ತಿರುಗಿಸ್ಕೋ."

"ತಿರುಗಿಸ್ಕೊಂಡ್ರೆ ಕಟ್ಟೋದು ಹೇಗೆ ಸಾರ್?"

"ಸೆರಿ, ನಾನೇ ತಿರುಗಿಸ್ಕೋತೀನಿ."

ಒತ್ತಿ ಒಣಗಿಸಿ, ಮುಲಾಮು ಹಚ್ಚಿ, ಹೊಸ ಗಾಜ್ ಬಟ್ಟೆ ಸುತ್ತಿ ಬಂದೆ. ಆದರೆ ಗಾಯ ಒಣಗಲಿಲ್ಲ. ಒಣಗಿಸಿ ಕಟ್ಟಿದ್ದು ಮರುದಿನ ಬಿಚ್ಚುವಾಗ ಒದ್ದೆ. ಹೊಲಿಗೆಯ ಅಂಚು ನೀರಲ್ಲಿ ನೆನೆದ ಬೆರಳಿನ ಹಾಗೆ ಬಿಳಿಚಿ ಬಾಯಿಬಿಡುತ್ತಿತ್ತು. ಕೇಳಿದರೆ "ಬೆವರು ಕಣೋ, ಮೆಡ್ರಾಸ್ ಸೆಕೆ" ಅನ್ನುವರು. ಡಾಕ್ಟರ ಹತ್ತಿರ ಹೋಗೋಣವೆಂದರೆ ನಾಳೆ, ನಾಡಿದ್ದು.

ಒಂದು ಸಂಜೆ ಕೆಳಗಿಳಿದವನು ಹೆಲ್ಮೆಟ್ ಮರೆತದ್ದು ನೆನಪಾಗಿ ಮತ್ತೆ ಹತ್ತಿದೆ. ಮಾಮಿ ನಡುಮನೆಯಲ್ಲಿ ನಿಂತಿದ್ದರು. ಬಚ್ಚಲಿನಲ್ಲಿ ಚೊಂಬಿನ ಮೇಲೆ ಚೊಂಬು ನೀರು ಬೀಳುತ್ತಿತ್ತು. ಬಾಗಿಲು ತೆರೆಯಿತು. ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತ ರಾಯರು ಬಂದರು. ಒದ್ದೆ ಪಂಚೆ ತೊಡೆಗೆ ಅಂಟಿತ್ತು. ನಾನು ಆಗಷ್ಟೇ ಕಟ್ಟಿದ ಗಾಜ್ ಬಟ್ಟೆ ಅದರೊಳಗೆ ಉಬ್ಬಿಕೊಂಡು ಕಾಣುತ್ತಿತ್ತು.

"ದಿನಾ ಹೀಗೇ ಕಣಪ್ಪ" ಅಂದರು ಮಾಮಿ. "ನೀನು ಹೋದಮೇಲೆ."

"ನಾನು ಮುಟ್ಟಿದ್ದಕ್ಕಾ ಸಾರ್?"

ಅವರು ನೆಲ ನೋಡಿದರು. "ನೀನು ಅಂತ ಅಲ್ಲ. ಯಾರು ಮುಟ್ಟಿದ್ರೂ. ಸಂಜೆ ಸಂಧ್ಯಾವಂದನೆ ಇರತ್ತಲ್ಲ."

ನನಗೆ ಸಿಟ್ಟು ಬಂತು. ಅದು ಎರಡು ಬಗೆಯ ಸಿಟ್ಟು, ಒಂದನ್ನು ಇನ್ನೊಂದರಿಂದ ಬಿಡಿಸಲು ಇವತ್ತಿಗೂ ನನಗೆ ಆಗಿಲ್ಲ. ಹಳೆಯದನ್ನು ನುಂಗಿಕೊಂಡು ಗಾಯದ ಮಾತು ಮಾತ್ರ ಆಡಿದೆ. "ಸಂಧ್ಯಾವಂದನೆ ಆದಮೇಲೇ ಬರ್ತೀನಿ ಸಾರ್. ಆಮೇಲೆ ಮುಟ್ಟಿದ್ರೆ ಆಗತ್ತಲ್ಲ?"

"ಆಮೇಲೆ ಊಟ ಮಾಡ್ಬೇಕಲ್ಲೋ."

"ರೋಗಿಗೆ ನೀರು ಬೇಡ, ಮಂತ್ರಸ್ನಾನ ಸಾಕು ಅಂತ ಊರಿಗೆಲ್ಲ ನೀವೇ ಹೇಳ್ತಿದ್ರಿ" ಅಂದರು ಮಾಮಿ. "ಪಟ್ಟೆ ಮಡಿ ಉಟ್ಕೊಳ್ಳಿ, ಒಣಗಿರತ್ತೆ. ನನ್ನ ಮಾತು ಬೇಡ, ನಿಮ್ಮ ಮಾತಾದ್ರೂ ಕೇಳಿ."

"ಅದು ಬೇರೆಯವರಿಗೆ ಹೇಳಿದ್ದು" ಅಂದರು ರಾಯರು. ದನಿ ಬಿದ್ದುಹೋಗಿತ್ತು. "ಅಂಗ ಕತ್ತರಿಸ್ಕೊಂಡು ಕೂತಿದೀನಿ. ಮಡಿಯೊಂದು ಉಳಿದಿದೆ. ಅದನ್ನೂ ಬಿಟ್ರೆ ನಾನು ಯಾರೋ?"

ಅಂದು ಮತ್ತೆ ಕಟ್ಟು ಬಿಚ್ಚಿ, ಒಣಗಿಸಿ, ಹೊಸದು ಕಟ್ಟಿದೆ. ಅವರು ಬೇಡ ಅನ್ನಲಿಲ್ಲ. ನಾನು ಹೊರಟು ಮೆಟ್ಟಿಲಿನ ತಿರುವಿಗೆ ಬಂದು ನಿಂತೆ, ಬಹಳ ಹೊತ್ತು ನಿಂತೆ. ಬಚ್ಚಲಿನ ಸದ್ದು ಕೇಳಲಿಲ್ಲ. ಗೆದ್ದೆ ಅಂದುಕೊಂಡು ಮನೆಗೆ ಹೋದೆ.

ಮರುದಿನ ಏಕಾದಶಿ. ನಾನು ಹೋದಾಗ ಮಾಮಿ ಬಾಗಿಲಲ್ಲೇ ತಡೆದರು. "ಇವತ್ತು ಬೇಡವಂತೆ. ಹನಿ ನೀರೂ ಕುಡಿದಿಲ್ಲ, ಮಾತ್ರೆಯೂ ಇಲ್ಲ. ಎರಡು ಸಲ ತಲೆಗೆ ಸ್ನಾನ ಆಗಿದೆ." ಒಳಗಿನಿಂದ ಅವರ ಪಾರಾಯಣ ಕೇಳುತ್ತಿತ್ತು. ಕೂಗಿ ಕರೆದೆ. ಪಾರಾಯಣ ಇನ್ನಷ್ಟು ಗಟ್ಟಿಯಾಯಿತು.

ದ್ವಾದಶಿಯ ಬೆಳಿಗ್ಗೆ ಮಾಮಿಯೇ ಫೋನ್ ಮಾಡಿದರು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಪಂಚೆ ಸರಿಸುವ ಮೊದಲೇ ನಾತ ಬಂತು. ಗಾಯದ ಕೆಳಗೆ ಅಂಗೈಯಗಲದ ಕಪ್ಪು. ಎತ್ತಿಕೊಂಡೇ ಇಳಿಸಿದೆ. ನನ್ನ ಕುತ್ತಿಗೆಗೆ ಎರಡೂ ಕೈ ಹಾಕಿ ಜೋತುಬಿದ್ದಿದ್ದರು. ಅಷ್ಟು ಹಗುರವಾದ ಮನುಷ್ಯನಿಗೆ ಇಡೀ ಬಾಲ್ಯ ಹೆದರಿದ್ದೆನಲ್ಲ ಅನ್ನಿಸಿತು.

ಆಸ್ಪತ್ರೆಯಲ್ಲಿ ಕೊಳೆತದ್ದನ್ನು ಕತ್ತರಿಸಿದರು. ಮತ್ತೆ ಕತ್ತರಿಸಿದರು. ಸಕ್ಕರೆಯೇ ಕಾರಣವೋ, ನೀರೋ, ಉಪವಾಸವೋ ಎಂದು ಕೇಳಿದೆ. ಡಾಕ್ಟರು ತಲೆಯಾಡಿಸಿ, ಎಲ್ಲ ಸೇರಿ, ಅಂದರು. ನಂಜು ರಕ್ತಕ್ಕೆ ಏರಿತ್ತು. ಅಲ್ಲಿ ಯಾರು ಯಾರೋ ಅವರನ್ನು ಮುಟ್ಟಿದರು, ಹೊರಳಿಸಿದರು, ಒರೆಸಿದರು. ಅವರಿಗೆ ಪ್ರಜ್ಞೆ ಬಂದುಹೋಗಿ ಮಾಡುತ್ತಿತ್ತು. ಒಮ್ಮೆ ನನ್ನನ್ನು ಗುರುತು ಹಿಡಿದು ತುಟಿ ಆಡಿಸಿದರು. ಬಗ್ಗಿದೆ.

"ಅಳಿಸೋಕೆ ಹೋದೆ ಕಣೋ" ಅಂದರು. ನನ್ನ ಬೆರಳು ಹಿಡಿದುಕೊಂಡರು. ಮರುದಿನ ಸಂಜೆ ಹೋದರು.

ಸೌಕಾರ್‌ಪೇಟೆಯ ಕಡೆಯಿಂದ ನೆಂಟರು ಬಂದರು. ಹರ್ನಿಯಾಕ್ಕೆ ಯಾರಾದರೂ ಸಾಯುತ್ತಾರೆಯೇ ಎಂದು ಅವರವರಲ್ಲೇ ಮಾತಾಡಿಕೊಂಡರು. ಸ್ನಾನ ಮಾಡಿಸಿ, ಒದ್ದೆ ಪಂಚೆ ಉಡಿಸಿ ಕೆಳಗೆ ತರುವಾಗ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತು. ಕೆಳಗಿನಿಂದ ಹಿಡಿಯಲು ಇನ್ನೊಂದು ಕೈ ಬೇಕಾಯಿತು. ನೆಂಟರೊಬ್ಬರು ನನ್ನನ್ನು ನೋಡಿ, ಇವರು ಯಾರು ಅಂತ ಮೇಲಕ್ಕೆ ಕೇಳಿದರು.

"ನಮ್ಮ ಹುಡುಗ" ಅಂದರು ಮಾಮಿ. "ಹಿಡ್ಕೊಳ್ಳಪ್ಪ."

ಹಿಡಿದುಕೊಂಡೆ. ನೀರು ನನ್ನ ತೋಳಿನ ಮೇಲೆ ಇಳಿಯಿತು.

ಎಲ್ಲ ಮುಗಿಸಿ ಹಿಂದಿನ ಬೀದಿಯ ನಮ್ಮ ಮನೆಗೆ ಬಂದಾಗ ಅಮ್ಮ ಕೆಳಗೆ ಗೇಟಿನ ಹತ್ತಿರವೇ ಬಕೆಟ್ ಇಟ್ಟುಕೊಂಡು ಕಾದಿದ್ದಳು. "ಹೆಣ ಮುಟ್ಟಿ ಬಂದಿದೀಯ. ತಲೆ ಮೇಲೆ ನೀರು ಹಾಕ್ಕಂಡು ಮೇಲೆ ಬಾ" ಅಂದಳು. ರಾಯರೂ ನಾನೂ ಒಬ್ಬರನ್ನೊಬ್ಬರು ಮುಟ್ಟಿದ್ದಕ್ಕೆ ನಾನು ಸ್ನಾನ ಮಾಡಿದ್ದು ಅದೊಂದು ಸಲ. ಹುಯ್ದುಕೊಂಡು ಮೆಟ್ಟಿಲು ಹತ್ತಿದೆ. ಹಿಂದೆ ಅಮ್ಮ ಅಭ್ಯಾಸದ ಮೇಲೆ ಬಟ್ಟೆ ಹಿಡಿದು ಬಗ್ಗಿದಳು.

"ಒರೆಸ್ಬೇಡಮ್ಮ" ಅಂದೆ. "ತಾನೇ ಒಣಗ್ಲಿ."