ರಾಣಿಯ ಗೆಜ್ಜೆ

ಕುಷ್ಟಗಿಯಿಂದ ಕೊಪ್ಪಳಕ್ಕೆ ಹೋಗುವ ಬಸ್ಸಿನಲ್ಲಿ ನಾನು ಓದುತ್ತಿದ್ದದ್ದು ಐತಿಹಾಸಿಕ ಕಾದಂಬರಿ, ರಾಣಿಯೊಬ್ಬಳು ಕುದುರೆ ಕಾಯುವವನನ್ನು ಪ್ರೀತಿಸಿದ ಕಥೆ. ರಟ್ಟಿನ ಮೇಲೆ ಇಬ್ಬರೂ ಅಪ್ಪಿಕೊಂಡು ನಿಂತಿದ್ದರು. ನಾನು ಶಾಲೆ ಟೀಚರು, ಯಾರಾದರೂ ಕಂಡಾರೆಂದು ಹಳೆ ಪೇಪರಿನ ಹೊದಿಕೆ ಹಾಕಿದ್ದೆ.

"ಏನ್ ಓದಾಕ ಹತ್ತೀರಿ ಅಕ್ಕಾರ?" ಎಂದಳು ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು.

"ಪುರಾಣರಿ" ಎಂದುಬಿಟ್ಟೆ.

ಆಕೆ ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನನಗ ಓದಾಕ ಬರಂಗಿಲ್ಲ. ಮಠದಾಗ ಪುರಾಣ ಹಚ್ಚಿದಾಗ ಕೇಳೂದಷ್ಟ. ಒಂದೀಟು ಓದ್ರಿ."

ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ರಾಣಿ ಕಾಲಿನ ಗೆಜ್ಜೆ ಬಿಚ್ಚಿಟ್ಟು ಹಿಂಬಾಗಿಲಿನಿಂದ ಹೊರಬಿದ್ದಳು ಎಂದು ಓದಿದೆ. ಮುಂದೆ 'ಕುದುರೆ ಲಾಯಕ್ಕೆ ಹೊರಟಳು' ಎಂದಿತ್ತು. ನಾನು 'ಶಿವನ ಗುಡಿಗೆ ಹೊರಟಳು' ಎಂದೆ.

ಆಕೆ ನನ್ನ ಕಡೆ ತಿರುಗಿದಳು.

"ಗುಡಿಗೆ ಹೋಗಾಕಿ ಗೆಜ್ಜಿ ಯಾಕ ಬಿಚ್ಚತಾಳ್ರಿ?"

ನನ್ನ ಮುಖ ಬಿಸಿಯಾಯಿತು.

"ಯಾರನ್ನೋ ನೋಡಾಕ ಹೊಂಟಾಳ ಆಕಿ. ಇದ್ದದ್ದು ಇದ್ದಂಗ ಓದ್ರಿ" ಎಂದಳು, ಸಿಟ್ಟಿಲ್ಲದೆ.

ತಲೆ ಎತ್ತದೆ ಇದ್ದಂತೆಯೇ ಓದಿದೆ. ಕೊಪ್ಪಳ ಬಂದಾಗ ರಾಣಿ ಇನ್ನೂ ಕಾವಲುಗಾರರ ಕಣ್ಣು ತಪ್ಪಿಸುತ್ತಿದ್ದಳು. ಇಳಿಯುವ ಮುಂಚೆ ಆಕೆ ಮತ್ತೆ ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಯವ್ವಾ, ಇದು ಪುರಾಣ ಅಲ್ಲ" ಎಂದೆ ಮೆಲ್ಲಗೆ.

"ಗೊತ್ತೈತಿ. ಪಾಪ, ಆಕಿ ಹೋಗಿ ಮುಟ್ಟಲಿ ಅಂತ."

ಕೊನೆಯ ಪುಟದಲ್ಲಿ ರಾಣಿ ಅವನಿದ್ದಲ್ಲಿಗೆ ಹೋಗಿ ಮುಟ್ಟಿದಳು. ನನ್ನ ಪುಸ್ತಕದ ಮೇಲಿನ ಪೇಪರು ಮಾತ್ರ ಇನ್ನೂ ಹಾಗೇ ಇದೆ.