ನಿಶ್ಮಿತಾಳ ಹದಿನಾಲ್ಕು ವನ್ಸ್ ಮೋರ್‌ಗಳು

ನಿಶ್ಮಿತಾಳಿಗೆ ಕನ್ನಡ ಕಲಿಸಿದ್ದು ಶಾಲೆಯಲ್ಲ, ಸಂಗೀತ ನಾಟಕ. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಹುಟ್ಟಿದ ಹುಡುಗಿ. ಮನೆಯಲ್ಲಿ ತುಳು, ಬಿಲ್ಡಿಂಗಿನ ಕೆಳಗೆ ಮರಾಠಿ, ಟ್ರೇನಿನಲ್ಲಿ ಹಿಂದಿ. ಅವಳ ಕನ್ನಡವೆಲ್ಲ ರಂಗದ ಮೇಲಿನ ರಾಜರ ಬಾಯಿಂದ, ರಾಣಿಯರ ಬಾಯಿಂದ ಬಂದದ್ದು. ಠಾಣೆಯ ವಾಗ್ಳೆ ಎಸ್ಟೇಟಿನ ಲೇಬಲ್ ಛಾಪಿಸುವ ಕಂಪನಿಯಲ್ಲಿ ಅವಳದು ಮಾಲು ಕಳಿಸುವ ಕೆಲಸ. ಒಮ್ಮೆ ಹುಬ್ಬಳ್ಳಿಯ ಗಿರಾಕಿಯೊಬ್ಬ ಫೋನಿನಲ್ಲಿ ರೇಗಾಡಿದಾಗ, "ತಾವು ಕುಪಿತರಾಗಬಾರದು, ನಾಳೆ ಸೂರ್ಯಾಸ್ತದೊಳಗೆ ತಮ್ಮ ಮಾಲು ತಮ್ಮನ್ನು ಸೇರುತ್ತದೆ" ಎಂದುಬಿಟ್ಟಿದ್ದಳು. ಆ ಮನುಷ್ಯ ಸಿಟ್ಟು ಮರೆತು ನಕ್ಕನಂತೆ.

ಒಂಬತ್ತನೇ ವಯಸ್ಸಿನಲ್ಲಿ ಪಕ್ಕದ ಮನೆಯ ಮರಾಠಿ ಹೆಂಗಸು, ಅವಳು ಕಾಕು ಎಂದು ಕರೆಯುತ್ತಿದ್ದವರು, ಅವಳನ್ನು ಮೊದಲ ಮರಾಠಿ ಸಂಗೀತ ನಾಟಕಕ್ಕೆ ಕರೆದುಕೊಂಡು ಹೋದರು. ಪರದೆಯ ಹಿಂದಿನಿಂದ ಧೂಪದ ವಾಸನೆ, ಕತ್ತಲೆಯಲ್ಲಿ ಆರ್ಗನ್ನಿನ ಮೊದಲ ಸ್ವರ. ಅಷ್ಟೇ. ಅವತ್ತಿನಿಂದ ಅವಳ ಭಾನುವಾರಗಳೆಲ್ಲ ನಾಟಕದ ಪಾಲಾದವು. ಮರಾಠಿ, ಕನ್ನಡ, ಯಕ್ಷಗಾನ, ಯಾವುದನ್ನೂ ಬಿಟ್ಟವಳಲ್ಲ. ಹಾಡು ಶುರುವಾಗುವ ಮೊದಲು ನಟ ಒಮ್ಮೆ ಉಸಿರೆಳೆದುಕೊಳ್ಳುತ್ತಾನಲ್ಲ, ಆಗ ಅವಳೂ ಉಸಿರು ಹಿಡಿಯುತ್ತಿದ್ದಳು.

"ವಹೀ ಸ್ಟೋರಿ, ವಹೀ ಗಾನಾ. ರಾಜಾ ಈ ಸಲ ಬೇರೆ ಏನಾದ್ರೂ ಮಾಡ್ತಾನಾ?" ಎಂದು ತಮ್ಮ ಕೀರ್ತನ್ ಕೆಣಕುತ್ತಿದ್ದ.

"ನಿನಗೇನು ತಿಳಿಯುತ್ತದೆ, ಮೂಢ" ಎನ್ನುತ್ತಿದ್ದಳು ಇವಳು, ರಂಗದ ಧಾಟಿಯಲ್ಲೇ.

ಅವಳಿಗೆ ಎಲ್ಲಕ್ಕಿಂತ ಪ್ರಿಯವಾದದ್ದು 'ಚಂದ್ರಪುರಿಯ ಅರಸ'. ಕಲ್ಯಾಣದ ಕನ್ನಡ ತಂಡವೊಂದು ಆಡುತ್ತಿದ್ದ ಸಂಗೀತ ನಾಟಕ. ಕೋಟೆಯೊಳಗೆ ನುಸುಳಿದ ಗೂಢಚಾರನನ್ನು ಕೊಲ್ಲಿ ಎಂದು ಅರಸ ಆಜ್ಞೆ ಕೊಡುತ್ತಾನೆ. ವೇಷ ಕಳಚಿ ನೋಡಿದರೆ ಸ್ವಂತ ಮಗಳು. ಕೊನೆಯ ದೃಶ್ಯದಲ್ಲಿ ಹೆಣವನ್ನು ಮಡಿಲಲ್ಲಿಟ್ಟುಕೊಂಡು ಹಾಡುತ್ತಾನೆ. ಅರಸನ ಪಾತ್ರ ಕಮಲಾಕ್ಷರದು. ರೈಲ್ವೆ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾದ ಅರವತ್ತಮೂರರ ಮನುಷ್ಯ. ಹೊರಗೆ ನೋಡಿದರೆ ಹಾಲಿನ ಸಾಲಿನಲ್ಲಿ ನಿಂತ ಯಾರೋ ಒಬ್ಬ ಮುದುಕ. ಬಾಯಿ ತೆರೆದರೆ ಮಾತ್ರ ಅರಸ.

ನವೆಂಬರದಲ್ಲಿ ಠಾಣೆಯಲ್ಲಿ ಆಟವಾದಾಗ ಸಭೆ ತಣ್ಣಗಿತ್ತು. ಹಾಡು ಮುಗಿಸಿ ಕಮಲಾಕ್ಷರು ಒಂದು ಗಳಿಗೆ ಹಾಗೇ ನಿಂತರು. ಸಂಗೀತ ನಾಟಕದಲ್ಲಿ ಆ ಗಳಿಗೆ ಬಹಳ ದೊಡ್ಡದು. ಹಾಡು ಹಿಡಿಸಿದರೆ ಪ್ರೇಕ್ಷಕರು "ವನ್ಸ್ ಮೋರ್" ಎಂದು ಕೂಗುತ್ತಾರೆ, ನಟ ಕಥೆಯನ್ನು ಅಲ್ಲೇ ನಿಲ್ಲಿಸಿ ಹಾಡನ್ನು ಇನ್ನೊಮ್ಮೆ ಹಾಡುತ್ತಾನೆ. ಕೂಗಿದ ಮೇಲೆ ಇಲ್ಲವೆನ್ನುವ ಪದ್ಧತಿ ಇಲ್ಲ. ಅವತ್ತು ಠಾಣೆಯಲ್ಲಿ ಯಾರೂ ಕೂಗಲಿಲ್ಲ. ಅರಸ ತಲೆ ತಗ್ಗಿಸಿ ಒಳಗೆ ನಡೆದ. ಬಾಲ್ಕನಿಯಲ್ಲಿ ಕೂತಿದ್ದ ನಿಶ್ಮಿತಾಳಿಗೆ ಅಳುವೇ ಬಂತು. ಎಂಥಾ ಜನ!

ಹಾಗಾಗಿ ಫೆಬ್ರವರಿಯಲ್ಲಿ ಡೊಂಬಿವಲಿಯ ನಾಟ್ಯಗೃಹದಲ್ಲಿ ಮಧ್ಯಾಹ್ನದ ಆಟ ಗೊತ್ತಾದಾಗ ಅವಳು ಸುಮ್ಮನಿರಲಿಲ್ಲ. ನಾಟಕದ ಹುಚ್ಚಿರುವ ಹದಿನಾಲ್ಕು ಜನರನ್ನು ಹುಡುಕಿ ಒಂದು ವಾಟ್ಸ್ಯಾಪ್ ಗ್ರೂಪು ಮಾಡಿದಳು. ಯಾರು ಎಲ್ಲಿ ಕೂರಬೇಕು, ಯಾವ ಹಾಡಿಗೆ ಕೂಗಬೇಕು, ಎಲ್ಲ ಬರೆದು ಕಳಿಸಿದಳು. ಮೊದಲರ್ಧದ ಆರು ಹಾಡುಗಳಲ್ಲಿ ಮೂರು, ಕೊನೆಗೆ ಮಗಳ ಹೆಣದ ಮುಂದಿನ ಹಾಡು. ಕೆಳಗೊಂದು ಕಟ್ಟಪ್ಪಣೆ: ಒಳಗೆ ಹೋದ ಮೇಲೆ ಎಲ್ಲರ ಫೋನೂ ಬಂದ್, ಮಧ್ಯಂತರದಲ್ಲೂ ತೆರೆಯಬಾರದು. ಆಟದ ನಡುವೆ ಫೋನು ಹೊಡೆದುಕೊಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲರ್ಧ ಅವಳಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ಹದಿನಾಲ್ಕು ಮೂಲೆಗಳಿಂದ ಕೂಗು ಎದ್ದದ್ದೇ ತಡ, ಇಡೀ ಸಭೆ ಅದಕ್ಕೆ ದನಿಗೂಡಿಸಿತು. ಆರಿಸಿದ್ದ ಮೂರು ಹಾಡು, ಮೂರೂ ಎರಡೆರಡು ಸಲ. ಕಮಲಾಕ್ಷರ ಮುಖ ದೀಪದ ಬೆಳಕಿನಲ್ಲಿ ಹೊಳೆಯುತ್ತಿತ್ತು.

ಮಧ್ಯಂತರದ ಪರದೆ ಬಿದ್ದೊಡನೆ ಅವಳು ಪಕ್ಕದ ಬಾಗಿಲಿನಿಂದ ರಂಗದ ಹಿಂದಕ್ಕೆ ಓಡಿದಳು. ಆರ್ಗನ್ ನುಡಿಸುವ ಸರ್ವೋತ್ತಮ ಮಾಮ ಅವಳ ಅಪ್ಪನ ಹೋಟೆಲಿಗೆ ದಿನಾ ಬರುವವರು, ಪರಿಚಯದವರು. ಹೊಗಳಿಕೆ ಕೇಳಲು ಹೋಗಿದ್ದಳು.

"ನೀನಾ ಅದು?" ಸರ್ವೋತ್ತಮರ ಮುಖ ಕೆಂಪಾಗಿತ್ತು. "ಬಾಲ್ಕನಿಯಿಂದ ಬೊಬ್ಬೆ ಹೊಡೆಸ್ತಾ ಇದ್ದದ್ದು ನೀನಾ?"

"ಹೌದು ಮಾಮ, ಹೇಗಿತ್ತು?"

"ಹೇಗಿತ್ತಾ! ಕೊಲ್ಲಲಿಕ್ಕೆ ಬಂದದ್ದಾ ನೀನು ಅವನನ್ನು, ಮಾರಾಯ್ತಿ?"

ನಿಶ್ಮಿತಾ ಕಣ್ಣು ಕಣ್ಣು ಬಿಟ್ಟಳು. ಸರ್ವೋತ್ತಮರು ಅವಳನ್ನು ಪರದೆಯ ಮಡಿಕೆಯ ಹಿಂದಕ್ಕೆ ಎಳೆದು ದನಿ ತಗ್ಗಿಸಿದರು. "ಹದಿನೈದು ದಿನದ ಹಿಂದೆ ಡಾಕ್ಟರ್ರು ಅವನ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದ್ದಾರೆ. ದನಿಯ ನರದ ಮೇಲೆ ಗಂಟು. ಹಾಡಲೇಬಾರದು ಅಂದ್ರು. ನಾನೇ ಕೈಕಾಲು ಹಿಡಿದು, ಒಂದು ಆಟ, ಏಳು ಹಾಡು, ಏಳೇ ಏಳು ಅಂತ ಒಪ್ಪಿಸಿದೆ. ಈಗಾಗ್ಲೇ ಒಂಬತ್ತು ಆಯ್ತು! ಒಳಗೆ ರಕ್ತ ಒಡೆದ್ರೆ ಹಾಡು ಬಿಡು, ಮಾತು ಬರ್ತದೋ ಇಲ್ವೋ ದೇವರಿಗೇ ಗೊತ್ತು."

"ಹೇಳ್ಬೇಕಿತ್ತಲ್ಲ ಮಾಮ..."

"ಯಾರಿಗೆ? ಹೇಳಿದ್ರೆ ಆಟವೇ ಇಲ್ಲ. ಈಗ ಉಳಿದದ್ದು ಒಂದು. ಕೊನೆಯದು. ಅದೊಂದನ್ನು ಹಾಡಲಿ. ಮುಗಿದ ಕೂಡ್ಲೇ ನಾನು ನಿಲ್ಲಿಸದೆ ಮಂಗಳದ ಹಾಡಿನ ಮಟ್ಟಿಗೆ ಹೋಗ್ತೇನೆ. ಕೂಗಿದ್ರೆ ಮಾತ್ರ ಅವನು ನನ್ನ ಮಾತು ಕೇಳುವವನಲ್ಲ. ಹೋಗು. ನಿನ್ನ ದಂಡಿನ ಬಾಯಿ ಮುಚ್ಚಿಸು."

ಫೋನು ತೆಗೆದು ಗ್ರೂಪಿಗೆ ಬರೆದಳು: 'ಕೊನೆಯ ಹಾಡಿಗೆ ಯಾರೂ ಕೂಗಬೇಡಿ. ಯಾರೂ.' ಒಂದೇ ಟಿಕ್. ಎಲ್ಲರದೂ ಬಂದ್. ಅವಳ ಅಪ್ಪಣೆಯನ್ನು ಅಷ್ಟು ನಿಷ್ಠೆಯಿಂದ ಯಾರೂ ಇದುವರೆಗೆ ಪಾಲಿಸಿರಲಿಲ್ಲ.

ಹದಿನೈದು ನಿಮಿಷದ ಮಧ್ಯಂತರದಲ್ಲಿ ನಾಲ್ಕು ನಿಮಿಷ ಹೋಗಿತ್ತು. ಬಟಾಟೆವಡೆಯ ಗದ್ದಲದೊಳಗೆ ನುಗ್ಗಿದಳು. ಅಲ್ಲಿ ಐದು ಜನ ಸಿಕ್ಕಿದರು. ಹೆಂಗಸರ ಶೌಚಾಲಯದ ಸಾಲಿನಲ್ಲಿ ಮೂವರು. ಒಬ್ಬಳು, "ಯಾಕೇ, ನಾನು ಬೆಳಿಗ್ಗೆಯಿಂದ ಗಂಟಲು ಸರಿ ಮಾಡ್ಕೊಂಡು ಬಂದಿದೀನಿ" ಎಂದು ಮುನಿಸಿಕೊಂಡಳು. ವಿವರಿಸಲು ಹೊತ್ತಿರಲಿಲ್ಲ, ಕೈ ಮುಗಿದು ಮುಂದಕ್ಕೆ ಓಡಿದಳು. ಮೊದಲ ಗಂಟೆ ಹೊಡೆಯಿತು. ಮೆಟ್ಟಿಲ ಮೇಲೆ ಇಬ್ಬರು. ಎರಡನೇ ಗಂಟೆ. ಕೆಳಗಿನ ಸಭೆಯಲ್ಲಿ ಮೂವರು. ಹದಿಮೂರು.

ಹದಿನಾಲ್ಕನೆಯವನು ಯಶ್ವಂತ್.

ಬದಲಾಪುರದಲ್ಲಿರುವ ಬಾಗಲಕೋಟೆ ಕಡೆಯ ಹುಡುಗ. ಕಲ್ಯಾಣದ ತರಕಾರಿ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಹೊತ್ತು ಹರಾಜು ಕೂಗುವವನು. ಅವನು ಟೊಮೇಟೊ ಎಂದರೆ ನಾಲ್ಕು ಗಲ್ಲಿಯಾಚೆ ಲಾರಿಯವನು ತಿರುಗಿ ನೋಡುತ್ತಾನೆ. ಆ ಗಂಟಲಿಗಾಗಿಯೇ ಅವಳು ಅವನನ್ನು ಬಾಲ್ಕನಿಯ ನಡುಸಾಲಿನಲ್ಲಿ ಕೂರಿಸಿದ್ದಳು. ಅಲ್ಲಿಗೆ ಹೋದರೆ ಅವನ ಸೀಟಿನಲ್ಲಿ ಒಬ್ಬ ಅಜ್ಜಿ.

"ಯಶ್ವಂತ್ ಎಲ್ಲಿ ಅಜ್ಜಿ? ಇಲ್ಲಿ ಕೂತಿದ್ದ ಹುಡುಗ?"

"ಒಳ್ಳೇ ಹುಡುಗ ಮಗಾ. ನನಗೆ ಬದಿಯಿಂದ ಕಾಣೂದಿಲ್ಲ ಅಂದದ್ದಕ್ಕೆ ತನ್ನ ಜಾಗ ಕೊಟ್ಟ. ಎಲ್ಲಿ ಹೋದ್ನೋ ಗೊತ್ತಿಲ್ಲ."

ಮೂರನೇ ಗಂಟೆ ಹೊಡೆದು ದೀಪ ಆರಿತು.

ಎರಡನೇ ಅರ್ಧದಲ್ಲಿ ಅವಳು ರಂಗವನ್ನು ನೋಡಲೇ ಇಲ್ಲ. ಬಾಲ್ಕನಿಯ ಕತ್ತಲೆಯಲ್ಲಿ ಗೋಡೆ ಹಿಡಿದು ಮುಖಗಳನ್ನು ಹುಡುಕಿದಳು. ಬಾಗಿಲ ಕಾವಲಿನವನು ಬಂದು, "ಓ ತಾಈ, ಬಸೂನ್ ಘ್ಯಾ ನಾ, ಲೋಕಾಂನಾ ದಿಸತ್ ನಾಹೀ" ಎಂದ. ಕೂತುಕೋ, ಜನರಿಗೆ ಕಾಣಿಸುತ್ತಿಲ್ಲ ಎಂಬ ಗದರಿಕೆ. ಯಾರದೋ ಮೊಣಕಾಲು ಎಡವಿದಳು, ಯಾರೋ 'ಶ್' ಎಂದರು. ರಂಗದಲ್ಲಿ ಒಬ್ಬೊಬ್ಬರ ಮಾತೂ ಅವಳಿಗೆ ಬಾಯಿಪಾಠ. ಕೇಳುತ್ತಲೇ ಎಷ್ಟು ಹೊತ್ತು ಉಳಿದಿದೆಯೆಂದು ಗೊತ್ತಾಗುತ್ತಿತ್ತು. ಗೂಢಚಾರ ಸಿಕ್ಕಿಬಿದ್ದ. ಅರಸ ಆಜ್ಞೆ ಕೊಟ್ಟ. ಕತ್ತಿ. ಚೀತ್ಕಾರ. ಇನ್ನು ಎರಡೇ ನಿಮಿಷ.

ಆಗ ರಂಗದ ಮೇಲೆ ಬಿಳಿ ದೀಪ ಹತ್ತಿಕೊಂಡು, ಆ ಬೆಳಕಿನಲ್ಲಿ ಯಶ್ವಂತ್ ಕಂಡ. ಬಾಲ್ಕನಿಯ ಎಡಗಡೆಯ ಕೊನೆಯಲ್ಲಿ, ಕಂಬಕ್ಕೆ ಒರಗಿ ನಿಂತಿದ್ದ. ನಡುವೆ ಇಡೀ ಒಂದು ಸಾಲು ಜನ.

ಆರ್ಗನ್ ಶುರುವಾಯಿತು. ಮಗಳಾಗಿದ್ದ ಹರಿಣಾಕ್ಷಿ ಅರಸನ ಮಡಿಲಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದಳು. ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನಲವತ್ತೆರಡರ ಹೆಂಗಸು, ಹದಿನಾರರ ರಾಜಕುಮಾರಿ. ಕಮಲಾಕ್ಷರು ಉಸಿರೆಳೆದುಕೊಂಡರು.

"ಕಣ್ಣು ತೆರೆಯೆ ಮಗಳೆ, ಕೋಟೆ ಬಾಗಿಲು ತೆರೆದಿದೆ..."

ನಿಶ್ಮಿತಾ ಬಗ್ಗಿ, ಕೂತವರ ಕಾಲುಗಳ ಮುಂದೆ ಸರಿಯತೊಡಗಿದಳು. "ಸಾರಿ. ಸಾರಿ ಅಂಕಲ್. ಜರಾ ಸರ್ಕಾ ನಾ." ಹಾಡು ಎರಡನೇ ಸಾಲಿಗೆ ಬಂತು. ಅಂಚಿನಲ್ಲಿ ಎಲ್ಲೋ ಮರಳು ಕಲಸಿದಂತೆ ದನಿ ಒರಟಾಗಿತ್ತು. ಬೇರೆಯವರಿಗೆ ಅದು ದುಃಖವೆನ್ನಿಸಿರಬೇಕು. ಮೂರನೇ ಸಾಲು. ಇನ್ನು ಐದು ಸೀಟು. ನಾಲ್ಕು. ಯಶ್ವಂತನ ಕೆನ್ನೆ ಒದ್ದೆಯಾಗಿರುವುದು ಕಾಣಿಸಿತು. ಹಾಡು ಮುಗಿಯಿತು, ಅವನು ಎದೆ ತುಂಬಾ ಗಾಳಿ ತುಂಬಿಕೊಳ್ಳುತ್ತಿದ್ದ.

"ಯಶ್ವಂತ್, ಬೇಡ..."

"ವನ್ಸ್ ಮೋ...ರ್!"

ನಾಟ್ಯಗೃಹ ನಡುಗಿತು. ಮುಂದಿನ ಗಳಿಗೆಗೆ ಕೆಳಗಿನಿಂದ ಮೇಲಿನವರೆಗೆ ಎಲ್ಲರೂ ಕೂಗುತ್ತಿದ್ದರು. ಅವಳು ಬಾಯಿ ಮುಚ್ಚಿಸಿ ಬಂದ ಹದಿಮೂರು ಜನ ಈಗ ಯಾವ ಲೆಕ್ಕಕ್ಕೂ ಇರಲಿಲ್ಲ. ಸರ್ವೋತ್ತಮರ ಆರ್ಗನ್ ಆಗಲೇ ಮಂಗಳದ ಮಟ್ಟಿಗೆ ಹೊರಳಿತ್ತು. ಜೋರಾಗಿ, ಕೂಗನ್ನು ಮುಳುಗಿಸುವಷ್ಟು ಜೋರಾಗಿ ನುಡಿಸುತ್ತಿದ್ದರು.

ಕಮಲಾಕ್ಷರು ಬಲಗೈ ಎತ್ತಿದರು. ಆರ್ಗನ್ ನಿಲ್ಲಲಿಲ್ಲ. ಅವರು ತಿರುಗಿ ನೋಡಿದರು. ಆಗ ನಿಂತಿತು.

"ಯಾಕ ಅಕ್ಕಾ, ಏನಾತು?" ಯಶ್ವಂತ್ ಪಿಸುಗುಟ್ಟಿದ. ಅವಳು ಅವನ ಅಂಗಿಯ ತೋಳು ಹಿಡಿದುಕೊಂಡು ನಿಂತುಬಿಟ್ಟಿದ್ದಳು.

ಕಮಲಾಕ್ಷರು ಮತ್ತೆ ಹಾಡಿದರು. ಮೊದಲ ಸಾಲು ಬಂತು. ಎರಡನೆಯದು ಬಂತು, ಸ್ವಲ್ಪ ತೆಳ್ಳಗೆ. ಮೂರನೆಯದರಲ್ಲಿ ದನಿ ಮೇಲೇರಬೇಕು. ಅವರ ಬಾಯಿ ತೆರೆದೇ ಇತ್ತು, ಕುತ್ತಿಗೆಯ ನರ ಉಬ್ಬಿತ್ತು. ದನಿ ಇರಲಿಲ್ಲ.

ಆರ್ಗನ್ ಒಂದೇ ಸ್ವರ ಹಿಡಿದು ಕಾಯಿತು. ಯಾರೋ ಕೆಮ್ಮಿದರು. ಅರಸನ ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅವರ ಕೈ ಮೆಲ್ಲಗೆ ಗಂಟಲಿಗೆ ಹೋಯಿತು.

ಆಗ ಮಡಿಲಲ್ಲಿದ್ದ ಹೆಣ ಹಾಡಿತು.

ಹರಿಣಾಕ್ಷಿ ಕಣ್ಣು ತೆರೆಯಲಿಲ್ಲ, ಬೆರಳು ಅಲುಗಿಸಲಿಲ್ಲ. ಅಪ್ಪ ಹಾಡಬೇಕಿದ್ದ ಸಾಲನ್ನು, ಎಲ್ಲೋ ದೂರದಿಂದ ಬಂದಂಥ ಸಣ್ಣ ದನಿಯಲ್ಲಿ ಎತ್ತಿಕೊಂಡಳು. ಸರ್ವೋತ್ತಮರ ಬೆರಳು ಒಂದು ಸಲ ತಡವರಿಸಿ ಅವಳ ಶ್ರುತಿಯನ್ನು ಹಿಡಿಯಿತು. ಕೊನೆಗೆ ಅವಳು ಪಲ್ಲವಿಗೆ ಮರಳಿದಳು. ಕಣ್ಣು ತೆರೆಯೆ ಮಗಳೆ ಎಂದು ಮುಚ್ಚಿದ ಕಣ್ಣಿನ ಮಗಳೇ ಹಾಡಿದಳು. ಕಮಲಾಕ್ಷರು ಅವಳ ಹಣೆಯ ಮೇಲೆ ಬಾಗಿದರು. ಅವರ ಬೆನ್ನು ನಡುಗುತ್ತಿತ್ತು. ಅದು ಅಭಿನಯವಲ್ಲವೆಂದು ಇಡೀ ಸಭೆಯಲ್ಲಿ ಬಹುಶಃ ಮೂರೋ ನಾಲ್ಕೋ ಜನರಿಗೆ ಗೊತ್ತಿತ್ತು.

ಪರದೆ ಬಿತ್ತು.

ರಂಗದ ಹಿಂದೆ ಕಮಲಾಕ್ಷರನ್ನು ಸ್ಟೂಲಿನ ಮೇಲೆ ಕೂರಿಸಿದ್ದರು. ಕರವಸ್ತ್ರದಲ್ಲಿ ಒಂದು ಚಿಕ್ಕ ಕೆಂಪು ಕಲೆ. ಹರಿಣಾಕ್ಷಿ ರಾಜಕುಮಾರಿಯ ವೇಷದಲ್ಲೇ ಅಳುತ್ತಾ, "ಸತ್ತವಳು ಹಾಡಿಬಿಟ್ಟೆ ಮಾರಾಯ್ರೆ, ನಾಟಕ ಹಾಳು ಮಾಡಿದೆ. ನಾಳೆ ಬ್ಯಾಂಕಿನಲ್ಲಿ ಎಲ್ಲ ನಗಾಡ್ತಾರೆ" ಎನ್ನುತ್ತಿದ್ದಳು. ಸರ್ವೋತ್ತಮರು ಗಾಡಿಗೆ ಫೋನು ಮಾಡುತ್ತಿದ್ದರು.

ನಿಶ್ಮಿತಾ ಕಮಲಾಕ್ಷರ ಮುಂದೆ ಹೋಗಿ ನಿಂತಳು. "ಮಾಮ, ಕೂಗಿಸಿದ್ದು ನಾನು. ಮೊದಲಿಂದ ಎಲ್ಲಾ ನಾನೇ. ಜನ ಸೇರಿಸಿದ್ದು, ಲಿಸ್ಟ್ ಮಾಡಿದ್ದು." ಅವತ್ತು ಅವಳ ಬಾಯಿಗೆ ರಾಜರ ಮಾತು ಒಂದೂ ಬರಲಿಲ್ಲ.

ಕಮಲಾಕ್ಷರು ಅವಳನ್ನು ನೋಡಿದರು. ಹುಬ್ಬು ತೀಡುವ ಪೆನ್ಸಿಲು ತೆಗೆದುಕೊಂಡು, ಬಿದ್ದಿದ್ದ ಒಂದು ಹ್ಯಾಂಡ್‌ಬಿಲ್ಲಿನ ಹಿಂದೆ ಬರೆದರು: 'ಆರ್ಗನ್ ನಿಲ್ಲಿಸದೆ ಹೋದದ್ದು ತಪ್ಪು. ಜನ ಕೇಳುವಾಗ ಹಾಗೆ ಮಾಡಬಾರದು.'

"ಬರೆ, ಬರೆ! ಇದೊಂದು ಬಾಕಿ ಇತ್ತು!" ಸರ್ವೋತ್ತಮರು ಕಿರುಚಿದರು. "ಗಂಟಲು ಹರಿದುಕೊಂಡು ಕೂತು ನನ್ನ ತಪ್ಪು ಹುಡುಕ್ತಾನೆ!"

ಕಮಲಾಕ್ಷರು ಕಾಗದವನ್ನು ನಿಶ್ಮಿತಾಳ ಕಡೆ ತಿರುಗಿಸಿ ಇನ್ನೊಂದು ಸಾಲು ಬರೆದರು: 'ಎಡಗಡೆಯಿಂದ ಕೂಗಿದವನಿಗೆ ಬೈಯಬೇಡ.' ಆಮೇಲೆ ಎದ್ದು, ಅರಸನ ನಿಲುವಂಗಿಯಲ್ಲೇ ಗಾಡಿ ಹತ್ತಿದರು.

ಒಂದೂವರೆ ತಿಂಗಳು ಮೌನ ಎಂದರು ಡಾಕ್ಟರು. ಒಂದಕ್ಷರವೂ ಆಡುವಂತಿಲ್ಲ, ಪಿಸುಮಾತೂ ಕೂಡದು. ಆ ಮೇಲೆ ನೋಡೋಣ, ಏನೂ ಹೇಳಲಾಗದು. ನಿಶ್ಮಿತಾ ಅಷ್ಟೂ ಭಾನುವಾರ ಯಾವ ನಾಟಕಕ್ಕೂ ಹೋಗಲಿಲ್ಲ. ಕೀರ್ತನ್ ಕೆಣಕುವುದನ್ನು ಬಿಟ್ಟ, ಒಂದು ದಿನ ತಾನಾಗಿಯೇ, "ಟಿಕೆಟ್ ನಿಕಾಲೂ ಕ್ಯಾ ತೇರಾ, ನಾಟಕದ್ದು?" ಎಂದು ಕೇಳಿದ. ಬೇಡ ಅಂದಳು.

ಏಪ್ರಿಲ್ ಮೊದಲ ವಾರದಲ್ಲಿ, ಠಾಣೆ ಸ್ಟೇಷನ್ನಿನಲ್ಲಿ ಕಲ್ಯಾಣ ಲೋಕಲ್ಲಿಗೆ ಕಾಯುತ್ತಿದ್ದಾಗ ಸರ್ವೋತ್ತಮರ ಫೋನು ಬಂತು. ಗಾಡಿ ಒಳಗೆ ಬರುತ್ತಿತ್ತು, ಜನ ಸೊಂಟ ಕಟ್ಟಿ ನಿಂತಿದ್ದರು. ಅವಳು ಹಿಂದಕ್ಕೆ ಸರಿದು, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡಳು.

"ಇವತ್ತು ಬೆಳಿಗ್ಗೆ ಅವನ ಹತ್ರ ಸಾ ಸ್ವರ ಹಿಡಿಸಿದೆ" ಎಂದರು ಸರ್ವೋತ್ತಮರು. "ಮೊದಲಿನ ಶ್ರುತಿ ಇಲ್ಲ. ಆರ್ಗನ್ನಿನಲ್ಲಿ ಎರಡು ಮನೆ ಕೆಳಗೆ ಇಳಿದಿದ್ದಾನೆ. ಮೇಲಿನದ್ದು ಇನ್ನು ಅವನಿಗಿಲ್ಲ, ಡಾಕ್ಟರ್ರು ಹೇಳಿಯಾಯ್ತು. ಆದರೆ ನಿಂತಿತು ಕೂಸೇ, ಅಲುಗಾಡ್ಲಿಲ್ಲ."

ಗಾಡಿ ಹೊರಟು ಹೋಯಿತು.

"ಕೇಳ್ತದಾ? ಭಾನುವಾರ ರಿಹರ್ಸಲ್ ಹಾಲ್‌ನಲ್ಲಿ ಕೂತು ಹಾಡಿ ನೋಡುವ ಅಂತಿದ್ದಾನೆ. ಹಾಡೆಲ್ಲ ಕೆಳಗೆ ಇಳಿಸಬೇಕಲ್ಲ. ಹಿಂದಿನ ಸಾಲಿಗೆ ದನಿ ಮುಟ್ತದಾ ಇಲ್ವಾ ಹೇಳ್ಲಿಕ್ಕೆ ಒಬ್ರು ಬೇಕು. ನೀನೇ ಬರಬೇಕಂತೆ."

"ಬರ್ತೇನೆ ಮಾಮ. ಬಾಯಿ ಮಾತ್ರ ತೆರೆಯೂದಿಲ್ಲ."

"ಬಾಯಿ ತೆರೀಲಿಕ್ಕೇ ಅಲ್ವಾ ಕರೆಯೂದು! ಕೇಳದಿದ್ರೆ ಕೇಳೂದಿಲ್ಲ ಅಂತ ಹೇಳ್ಬೇಕು. ನಿನಗೆ ಬೇಜಾರಾದ್ರೂ ಹೇಳ್ಬೇಕು, ಅವನಿಗೆ ಬೇಜಾರಾದ್ರೂ ಹೇಳ್ಬೇಕು. ಆಗ್ತದಾ?"

ಮುಂದಿನ ಗಾಡಿಯ ಘೋಷಣೆ ಶುರುವಾಯಿತು. ಅದು ಮುಗಿಯುವವರೆಗೂ ಕಾದು ಅವಳು ಉತ್ತರ ಕೊಟ್ಟಳು.

"ಹೇಳ್ತೇನೆ."